ತರಬೇತುದಾರನಿಗೂ ಒಂದು ಏಣಿ ಬೇಡವೇ?

ಧಾರವಾಡದ ಕೆ.ಸಿ.ಡಿ. ಮೈದಾನಕ್ಕೆ ಬೆಳಗಿನ ವಾಯುವಿಹಾರಕ್ಕೆಂದು ಬರುವ ನಮ್ಮಂಥ ನಿವೃತ್ತರ ಗುಂಪಿನಲ್ಲಿ ಸಾಮಾನ್ಯವಾಗಿ ಮಾತಾಗುವುದು ಪಿಂಚಣಿ, ಮೊಣಕಾಲು ನೋವು, ಪರದೇಶದಲ್ಲಿರುವ ಮಕ್ಕಳು, ಬಹಳವೆಂದರೆ ಕ್ರಿಕೆಟ್. 2025ರ ನವೆಂಬರ್ 19ರ ಬೆಳಿಗ್ಗೆ ಮಾತ್ರ ಮಾತು ಫುಟ್‌ಬಾಲಿನ ಕಡೆಗೆ ಹೊರಳಿತು. ಹಿಂದಿನ ರಾತ್ರಿ ಢಾಕಾದಲ್ಲಿ ಭಾರತ ತಂಡ ಬಾಂಗ್ಲಾದೇಶದ ಎದುರು 0-1ರಿಂದ ಸೋತಿತ್ತು. ಆ ದೇಶದ ಎದುರು 22 ವರ್ಷಗಳಲ್ಲಿ ಅದು ನಮ್ಮ ಮೊದಲ ಸೋಲು. 2027ರ ಏಷ್ಯಾ ಕಪ್‌ನ ಅರ್ಹತೆಯಂತೂ ಅದಕ್ಕೂ ಒಂದು ತಿಂಗಳು ಮೊದಲೇ, ಮಡಗಾಂವಿನಲ್ಲಿ ಸಿಂಗಪುರದ ಎದುರು ಸೋತಾಗಲೇ, ಕೈಜಾರಿ ಹೋಗಿತ್ತು. ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದ ನಮ್ಮ ಮಿತ್ರರೊಬ್ಬರು ನಡಿಗೆ ನಿಲ್ಲಿಸದೆಯೇ ತೀರ್ಪು ಕೊಟ್ಟರು: "ನಮ್ಮ ಮಂದೀನ್ನ ಕೋಚ್ ಮಾಡಿದ್ರ ಹಿಂಗ ಆಗೂದ್ರಿ, ಸಾಹೇಬ್ರ. ಹೊರಗಿನವ್ರನ್ನ ಕರಸಬೇಕಿತ್ತು."

ಅವರು ಹೇಳಿದ "ನಮ್ಮ ಮಂದಿ" ಎಂದರೆ ಖಾಲಿದ್ ಜಮೀಲ್. 2025ರ ಆಗಸ್ಟ್ 1ರಂದು ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಅವರನ್ನು ರಾಷ್ಟ್ರೀಯ ತಂಡದ ಮುಖ್ಯ ತರಬೇತುದಾರರನ್ನಾಗಿ ನೇಮಿಸಿತು. 2012ರಲ್ಲಿ ಗೋವೆಯ ಸಾವಿಯೊ ಮೆದೇರಾ ಅವರ ಅವಧಿ ಮುಗಿದ ಮೇಲೆ ಹದಿಮೂರು ವರ್ಷ ಆ ಕುರ್ಚಿಯಲ್ಲಿ ಭಾರತೀಯರು ಪೂರ್ಣಾವಧಿಗೆ ಕುಳಿತಿರಲಿಲ್ಲ. ಹೀಗೆ ಬಂದ ಒಬ್ಬರು ನಾಲ್ಕು ತಿಂಗಳಲ್ಲಿ ಸೋತರೆ ಇಡೀ ಭಾರತೀಯ ತರಬೇತುದಾರರ ಕುಲವೇ ಅಯೋಗ್ಯವೆಂದು ತೀರ್ಮಾನಿಸುವುದು ನ್ಯಾಯವೇ ಎಂದು ನಾನು ಅಂದು ಕೇಳಬಹುದಿತ್ತು. ಕೇಳಲಿಲ್ಲ. ಏಕೆಂದರೆ ಆ ಮಾತು ನನ್ನನ್ನು ಬೇರೊಂದು ಪ್ರಶ್ನೆಗೆ, ನನ್ನದೇ ಸೇವಾವಧಿಯ ಒಂದು ಹಳೆಯ ಕಡತಕ್ಕೆ ಕೊಂಡೊಯ್ದಿತು. ಒಬ್ಬ ಆಟಗಾರ ಬೂಟು ಕಳಚಿಟ್ಟ ದಿನದಿಂದ ರಾಷ್ಟ್ರೀಯ ತಂಡದ ಹೊಣೆ ಹೊರುವ ದಿನದವರೆಗೆ ನಡೆಯಬೇಕಾದ ದಾರಿಯನ್ನು ನಾವು ಈ ದೇಶದಲ್ಲಿ, ಈ ರಾಜ್ಯದಲ್ಲಿ, ಈ ಅವಳಿ ನಗರದಲ್ಲಿ ನಿರ್ಮಿಸಿದ್ದೇವೆಯೇ? ಕಡತದ ವಿಷಯವನ್ನು ಮುಂದೆ ಹೇಳುತ್ತೇನೆ. ಮೊದಲು ಆ ದಾರಿಯನ್ನು ನೋಡೋಣ.

ಖಾಲಿದ್ ಜಮೀಲ್ ಹುಟ್ಟಿದ್ದು 1977ರಲ್ಲಿ, ಕುವೈತಿನಲ್ಲಿ, ಭಾರತೀಯ ದಂಪತಿಯ ಮಗನಾಗಿ. ಮಹೀಂದ್ರಾ ಯುನೈಟೆಡ್, ಏರ್ ಇಂಡಿಯಾ ತಂಡಗಳ ಮಧ್ಯ ಆಟಗಾರನಾಗಿ ಬೆಳೆದು ಭಾರತದ ಪರವಾಗಿಯೂ ಆಡಿದರು. ಗಾಯಗಳು ಕಾಡಿದ ಕಾರಣ ಆಟಗಾರನಾಗಿ ಅವರ ಹೆಸರು ಬೈಚುಂಗ್ ಭುಟಿಯಾ ಅವರಂತೆ ಮನೆಮಾತಾಗಲಿಲ್ಲ. 2009ರಲ್ಲಿ, ಇನ್ನೂ 32ರ ವಯಸ್ಸಿನಲ್ಲಿ, ತಾವು ಆಡುತ್ತಿದ್ದ ಮುಂಬೈ ಎಫ್‌ಸಿ ತಂಡಕ್ಕೇ ತರಬೇತುದಾರರಾದರು. ಆ ಸಣ್ಣ ಆಯವ್ಯಯದ ತಂಡದಲ್ಲಿ ಸುಮಾರು ಏಳು ವರ್ಷ ಅವರು ಮಾಡಿದ್ದು ಪ್ರಶಸ್ತಿ ಗೆಲ್ಲುವ ಕೆಲಸವಲ್ಲ, ತಂಡ ಕೆಳದರ್ಜೆಗೆ ಜಾರದಂತೆ ಪ್ರತಿ ಋತುವಿನಲ್ಲೂ ಹಿಡಿದು ನಿಲ್ಲಿಸುವ ಕೆಲಸ. ಪತ್ರಿಕೆಗಳ ಕ್ರೀಡಾಪುಟದಲ್ಲಿ ಅಂಥ ಕೆಲಸಕ್ಕೆ ಎರಡು ಸಾಲು ಸಿಕ್ಕರೆ ಹೆಚ್ಚು.

ಮುಂದೆ ಅವರು ಹೋದದ್ದು ಮಿಜೋರಾಮಿನ ಐಜ್ವಾಲ್ ತಂಡಕ್ಕೆ. ಹಿಂದಿನ ಋತುವಿನಲ್ಲಿ ಐ-ಲೀಗ್‌ನಿಂದ ಕೆಳಗಿಳಿದು, ಬೇರೆ ಕ್ಲಬ್‌ಗಳು ಹಿಂದೆ ಸರಿದದ್ದರಿಂದ ಮತ್ತೆ ಒಳಗೆ ಬಂದಿದ್ದ ತಂಡವದು. ಅದೇ ತಂಡ 2016-17ರಲ್ಲಿ ಮೋಹನ್ ಬಾಗಾನ್, ಈಸ್ಟ್ ಬೆಂಗಾಲ್, ಬೆಂಗಳೂರು ಎಫ್‌ಸಿಗಳನ್ನು ಹಿಂದಿಕ್ಕಿ ಚಾಂಪಿಯನ್ ಆಯಿತು. ಈಶಾನ್ಯ ಭಾರತದ ತಂಡವೊಂದು ದೇಶದ ಲೀಗ್ ಗೆದ್ದದ್ದು ಅದೇ ಮೊದಲು. ಅನಂತರ ಕೋಲ್ಕತ್ತದ ಎರಡೂ ದೊಡ್ಡ ಕ್ಲಬ್‌ಗಳಲ್ಲಿ ಅವರು ಹೆಚ್ಚು ಕಾಲ ನಿಲ್ಲಲಿಲ್ಲ. 2021ರಲ್ಲಿ ನಾರ್ತ್‌ಈಸ್ಟ್ ಯುನೈಟೆಡ್ ಅವರನ್ನು ಪೂರ್ಣಾವಧಿಗೆ ನೇಮಿಸಿದಾಗ, ಇಂಡಿಯನ್ ಸೂಪರ್ ಲೀಗ್ ಆರಂಭವಾಗಿ ಏಳು ಋತುಗಳು ಕಳೆದಿದ್ದವು. ಆ ಲೀಗ್‌ನಲ್ಲಿ ಪೂರ್ಣಾವಧಿ ಮುಖ್ಯ ತರಬೇತುದಾರನಾದ ಮೊದಲ ಭಾರತೀಯ ಅವರೇ. 2023ರಲ್ಲಿ ನಮ್ಮ ರಾಜಧಾನಿಯ ಎಫ್‌ಸಿ ಬೆಂಗಳೂರು ಯುನೈಟೆಡ್‌ನ ಹೊಣೆಯನ್ನೂ ಹೊತ್ತು, ಅಲ್ಲಿಂದ ಜಮ್‌ಷೆಡ್‌ಪುರಕ್ಕೆ ಹೋದರು. 2025ರಲ್ಲಿ ಆ ತಂಡವನ್ನು ಲೀಗ್‌ನ ಸೆಮಿಫೈನಲ್‌ಗೂ ಸೂಪರ್ ಕಪ್ ಫೈನಲ್‌ಗೂ ಕೊಂಡೊಯ್ದ ಮೇಲೆಯೇ ರಾಷ್ಟ್ರೀಯ ತಂಡದ ಕರೆ ಬಂದದ್ದು.

ಲೆಕ್ಕ ಹಾಕಿದರೆ, ಆಟ ಬಿಟ್ಟಲ್ಲಿಂದ ರಾಷ್ಟ್ರೀಯ ತಂಡ ಸೇರುವವರೆಗೆ ಹದಿನಾರು ವರ್ಷ. ಇದು ಅಪವಾದವೆಂದು ಯಾರೂ ತಿಳಿಯಬೇಕಿಲ್ಲ. ಆಡುವುದು ಒಂದು ವಿದ್ಯೆ, ಆಡಿಸುವುದು ಇನ್ನೊಂದು ವಿದ್ಯೆ. ಆಟಗಾರನಾಗಿಯೂ ತರಬೇತುದಾರನಾಗಿಯೂ ವಿಶ್ವಕಪ್ ಗೆದ್ದವರು ಜಗತ್ತಿನಲ್ಲಿ ಮೂವರೇ: ಬ್ರೆಜಿಲ್‌ನ ಮಾರಿಯೊ ಜಗಾಲೊ, ಜರ್ಮನಿಯ ಫ್ರಾಂಜ್ ಬೆಕೆನ್‌ಬಾವರ್, ಫ್ರಾನ್ಸಿನ ದಿದಿಯೆ ದೆಶಾಂ. ಇನ್ನೊಂದು ಕಡೆ, 1994ರ ವಿಶ್ವಕಪ್‌ನಲ್ಲಿ ಇಟಲಿಯನ್ನು ಫೈನಲ್‌ಗೆ ಒಯ್ದ ಅರಿಗೊ ಸಾಕ್ಕಿ ವೃತ್ತಿಪರ ಫುಟ್‌ಬಾಲ್ ಆಡಿದವರೇ ಅಲ್ಲ. ಹೆಸರಾಂತ ಆಟಗಾರನಾಗಿದ್ದ ಮಾತ್ರಕ್ಕೆ ತರಬೇತುದಾರನ ಕುರ್ಚಿ ಹಕ್ಕಾಗಿ ಬರುವುದಿಲ್ಲ. ಕಲಿಕೆ ಬೇಕು, ಸೋತು ಕಲಿಯಲು ಸಣ್ಣ ತಂಡಗಳು ಬೇಕು, ಆ ಕಾಲದಲ್ಲಿ ಮನೆ ನಡೆಸಲು ಸಂಬಳ ಬೇಕು.

ನಮ್ಮ ಇತಿಹಾಸವೂ ಇದನ್ನೇ ಹೇಳುತ್ತದೆ. ಭಾರತೀಯ ಫುಟ್‌ಬಾಲ್ ಕಂಡ ಅತ್ಯಂತ ಯಶಸ್ವೀ ತರಬೇತುದಾರ ಸೈಯದ್ ಅಬ್ದುಲ್ ರಹೀಂ ಶಾಲಾ ಶಿಕ್ಷಕರಾಗಿದ್ದವರು. ಇಂದಿನ ಕಲ್ಯಾಣ ಕರ್ನಾಟಕದ ಜಿಲ್ಲೆಗಳೂ ಸೇರಿದ್ದ ಹಳೆಯ ಹೈದರಾಬಾದ್ ಸಂಸ್ಥಾನದ ರಾಜಧಾನಿಯಲ್ಲಿ ಸಿಟಿ ಪೊಲೀಸ್ ತಂಡವನ್ನು ಕಟ್ಟಿ, 1950ರಿಂದ ಸತತ ಐದು ವರ್ಷ ರೋವರ್ಸ್ ಕಪ್ ಗೆಲ್ಲಿಸಿದವರು. ಅವರ ಮಾರ್ಗದರ್ಶನದಲ್ಲಿ ಭಾರತ 1951ರ ದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದಿತು, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು, 1962ರ ಜಕಾರ್ತದಲ್ಲಿ ದಕ್ಷಿಣ ಕೊರಿಯಾವನ್ನು 2-1ರಿಂದ ಮಣಿಸಿ ಮತ್ತೆ ಚಿನ್ನ ತಂದಿತು. ಕ್ಯಾನ್ಸರಿನಿಂದ ಬಳಲುತ್ತಿದ್ದ ರಹೀಂ ಮರುವರ್ಷ ತೀರಿಕೊಂಡರು. ನಡುವೆ 1952ರ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ಎದುರು 1-10ರ ಸೋಲೂ ಅವರ ತಂಡಕ್ಕೆ ಬಂದಿತ್ತು. ಅಂದು ಅವರನ್ನು ಮನೆಗೆ ಕಳಿಸಿದ್ದರೆ ಜಕಾರ್ತದ ಚಿನ್ನ ಬರುತ್ತಿತ್ತೇ ಎಂಬುದನ್ನು ಓದುಗರೇ ಯೋಚಿಸಬಹುದು.

ರಹೀಂ ಅವರಂಥವರು ತಯಾರಾಗಲು ಅಂದು ಒಂದು ವ್ಯವಸ್ಥೆ ಇತ್ತು. ಪೊಲೀಸ್, ಸೇನೆ, ರೈಲ್ವೆ, ಸಾರ್ವಜನಿಕ ವಲಯದ ಕಾರ್ಖಾನೆಗಳು ಆಟಗಾರನಿಗೆ ನೌಕರಿ ಕೊಡುತ್ತಿದ್ದವು. ಆಟ ಮುಗಿದ ಮೇಲೂ ಸಂಬಳ ನಿಲ್ಲುತ್ತಿರಲಿಲ್ಲ. ಸಂಜೆ ಮೈದಾನದಲ್ಲಿ ಹುಡುಗರನ್ನು ತಯಾರು ಮಾಡಲು ಅವನಿಗೆ ಹೊಟ್ಟೆಯ ಚಿಂತೆ ಅಡ್ಡಬರುತ್ತಿರಲಿಲ್ಲ. ಬೆಂಗಳೂರಿನ ಫುಟ್‌ಬಾಲ್ ಬೆಳೆದುಬಂದದ್ದರಲ್ಲಿ ಎಚ್‌ಎಎಲ್, ಐಟಿಐಗಳಂಥ ಸಂಸ್ಥೆಗಳ ತಂಡಗಳದ್ದು ದೊಡ್ಡ ಪಾಲು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಪರವಾಗಿ ಮೊದಲ ಒಲಿಂಪಿಕ್ ಗೋಲು ಹೊಡೆದ ಸಾರಂಗಪಾಣಿ ರಾಮನ್, ಎರಡು ಒಲಿಂಪಿಕ್ಸ್‌ಗಳಲ್ಲಿ ಆಡಿದ ಅಹ್ಮದ್ ಖಾನ್, ಮೆಲ್ಬರ್ನ್‌ನ ಕೆಂಪಯ್ಯ, ಜಕಾರ್ತದ ಅರುಮೈನಾಯಗಂ ಎಲ್ಲರೂ ನಮ್ಮ ರಾಜ್ಯದವರು. ಮೈಸೂರು ರಾಜ್ಯ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿತ್ತು. ಕೊನೆಯ ಎರಡು ಗೆಲುವು 1967-68 ಮತ್ತು 1968-69ರಲ್ಲಿ, ಬೆನ್ನುಬೆನ್ನಿಗೆ. ಮತ್ತೆ ಆ ಟ್ರೋಫಿ ನಮ್ಮ ಕೈಗೆ ಬಂದದ್ದು 2023ರ ಮಾರ್ಚ್‌ನಲ್ಲಿ, ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿದಾಗ. ನಡುವಿನ 54 ವರ್ಷಗಳಲ್ಲಿ ಗೌತಮಪುರದಂಥ ಬಡಾವಣೆಗಳಲ್ಲಿ ಪ್ರತಿಭೆ ಬತ್ತಿರಲಿಲ್ಲ. ಅಲ್ಲಿನ ಜನ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿಕೊಂಡಿದ್ದಾರೆ. ಆದರೆ ಪ್ರತಿಭೆಗೆ ಆಸರೆಯಾಗಿದ್ದ ನೌಕರಿಗಳು ಬತ್ತಿದವು.

ಆರ್ಥಿಕ ಸುಧಾರಣೆಗಳ ನಂತರ ಸಾರ್ವಜನಿಕ ಸಂಸ್ಥೆಗಳ ನೇಮಕಾತಿ ಕುಗ್ಗಿತು. ಆ ಸುಧಾರಣೆಗಳನ್ನು ನಾನು ಅಲ್ಲಗಳೆಯುವವನಲ್ಲ. ಆದರೆ ಕಾರ್ಖಾನೆಯ ತಂಡ ಹೋದಾಗ ಅದರ ಜಾಗಕ್ಕೆ ಏನು ಬಂತು ಎಂದು ಕೇಳುವುದು ಅರ್ಥಶಾಸ್ತ್ರ ಓದಿದವನ ಕರ್ತವ್ಯ. ಬಂದವು ಖಾಸಗಿ ಕ್ಲಬ್‌ಗಳು, ಬಂದಷ್ಟೇ ವೇಗವಾಗಿ ಹೋದವು ಕೂಡ. ಜಮೀಲ್ ಆಡಿದ ಮಹೀಂದ್ರಾ ಯುನೈಟೆಡ್ 2010ರಲ್ಲಿ ಮುಚ್ಚಿತು. ಪಂಜಾಬಿನ ಜೆಸಿಟಿ 2011ರಲ್ಲಿ ಮುಚ್ಚಿತು. ಜಮೀಲ್ ಏಳು ವರ್ಷ ಪಾಠ ಕಲಿತ ಮುಂಬೈ ಎಫ್‌ಸಿ ಕೂಡ ಇಂದು ಇಲ್ಲ. ಅವರು ಹತ್ತಿದ ಏಣಿಯ ಕೆಳಗಿನ ಮೆಟ್ಟಿಲುಗಳು ಅವರ ಹಿಂದೆಯೇ ಮುರಿದುಬಿದ್ದಿವೆ ಎಂದರೆ ಉತ್ಪ್ರೇಕ್ಷೆಯಲ್ಲ. ಇನ್ನೊಬ್ಬ ಜಮೀಲ್ ಅದೇ ದಾರಿಯಲ್ಲಿ ಬರಲಾರ.

ಏಣಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದ ಇಬ್ಬರ ಬದುಕು ಸಾಕ್ಷಿ. ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್ ತೊಂಬತ್ತರ ದಶಕದ ಅತ್ಯುತ್ತಮ ಮಧ್ಯ ಆಟಗಾರರಲ್ಲೊಬ್ಬರು, ಭಾರತದ ನಾಯಕರಾಗಿದ್ದವರು. 1993ರಲ್ಲಿ ಈಸ್ಟ್ ಬೆಂಗಾಲ್ ಪರ ಇರಾಕಿನ ಅಲ್ ಜವ್ರಾ ತಂಡದ ಎದುರು ಅವರು ಹೊಡೆದ ಹ್ಯಾಟ್ರಿಕ್ ಅನ್ನು ಕೋಲ್ಕತ್ತದ ಹಳೆಯ ಅಭಿಮಾನಿಗಳು ಇಂದಿಗೂ ಮರೆತಿಲ್ಲ. ಆಟ ಬಿಟ್ಟ ಮೇಲೆ ತರಬೇತುದಾರರಾಗಿ ಜಮ್‌ಷೆಡ್‌ಪುರದ ಟಾಟಾ ಅಕಾಡೆಮಿ, ಶಿಲ್ಲಾಂಗಿನ ರಾಯಲ್ ವಾಹಿಂಗ್‌ಡೋ, ಕೋಲ್ಕತ್ತದ ಭವಾನೀಪುರ, ಕೊನೆಗೆ ಕಲ್ಲಿಕೋಟೆಯ ಕ್ವಾರ್ಟ್ಜ್ ಎಂದು ದೇಶದ ನಾಲ್ಕು ಮೂಲೆ ಸುತ್ತಿದರು. 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಅವರಿಗೆ 49 ವರ್ಷ. ಕಲಿಸುವ ಆಸೆಯಿದ್ದ ಮಾಜಿ ನಾಯಕನೊಬ್ಬನಿಗೆ ನಾವು ಕೊಟ್ಟದ್ದು ಊರೂರು ಅಲೆಯುವ ದುಡಿಮೆ.

ಇನ್ನೊಬ್ಬರು ಬೆಂಗಳೂರಿನವರೇ ಆದ ಷಣ್ಮುಗಂ ವೆಂಕಟೇಶ್. ಭಾರತ ತಂಡದ ಮಧ್ಯ ಆಟಗಾರನಾಗಿ ಮಿಂಚಿ, ಮುಂದೆ ಸ್ಟೀಫನ್ ಕಾನ್‌ಸ್ಟಂಟೈನ್, ಇಗೊರ್ ಸ್ಟಿಮಾಚ್ ಎಂಬ ಇಬ್ಬರು ವಿದೇಶಿ ತರಬೇತುದಾರರ ಕೈಕೆಳಗೆ ಸಹಾಯಕರಾಗಿ ದುಡಿದರು. ದೇಶದ ಕಿರಿಯರ ಇಂಡಿಯನ್ ಆ್ಯರೋಸ್ ತಂಡವನ್ನೂ ನೋಡಿಕೊಂಡರು. ಕರ್ನಾಟಕದ ಫುಟ್‌ಬಾಲ್ ಆಟಗಾರನೊಬ್ಬ ರಾಷ್ಟ್ರೀಯ ತಂಡದ ಮುಖ್ಯ ಕುರ್ಚಿಗೆ ಇತ್ತೀಚಿನ ಕಾಲದಲ್ಲಿ ಇಷ್ಟು ಹತ್ತಿರ ಹೋದ ಉದಾಹರಣೆ ವಿರಳ. ಸಹಾಯಕ ಭಾರತೀಯ, ಮುಖ್ಯಸ್ಥ ವಿದೇಶಿ ಎಂಬ ಏರ್ಪಾಡು ಅದೆಷ್ಟು ಸಹಜವಾಗಿ ನಮ್ಮ ಮನಸ್ಸಿನಲ್ಲಿ ಕುಳಿತಿತ್ತೆಂದರೆ, ಸಹಾಯಕನಿಗೆ ಮುಂದಿನ ಮೆಟ್ಟಿಲು ಯಾವುದು ಎಂದು ಕೇಳುವ ಅಗತ್ಯವೇ ಯಾರಿಗೂ ಕಾಣಲಿಲ್ಲ.

ವಿದೇಶಿ ತರಬೇತುದಾರರಿಂದ ಲಾಭವಾಗಿಲ್ಲ ಎಂದು ಹೇಳಿದರೆ ಅಪ್ರಾಮಾಣಿಕತೆಯಾಗುತ್ತದೆ. ಯುಗೊಸ್ಲಾವಿಯಾದ ಮಿಲೊವಾನ್ ಚಿರಿಚ್ ಅವರ ಕಾಲದಲ್ಲಿ ಭಾರತ 1984ರ ಏಷ್ಯಾ ಕಪ್ ಆಡಿತು. ಮತ್ತೆ ಆ ಅಂಗಳ ತಲುಪಲು 2011ರವರೆಗೆ, ಇಂಗ್ಲೆಂಡಿನ ಬಾಬ್ ಹೌಟನ್ ಬರುವವರೆಗೆ, ಕಾಯಬೇಕಾಯಿತು. 2015ರಲ್ಲಿ ವಿಶ್ವ ಕ್ರಮಾಂಕದಲ್ಲಿ 173ಕ್ಕೆ ಕುಸಿದಿದ್ದ ತಂಡವನ್ನು ಕಾನ್‌ಸ್ಟಂಟೈನ್ ಎರಡೇ ವರ್ಷಗಳಲ್ಲಿ 96ಕ್ಕೆ ಏರಿಸಿದರು. ಸ್ಟಿಮಾಚ್ ಅವರ ತಂಡ 2023ರ ಜುಲೈನಲ್ಲಿ ನಮ್ಮ ಕಂಠೀರವ ಕ್ರೀಡಾಂಗಣದಲ್ಲೇ ಕುವೈತನ್ನು ಪೆನಾಲ್ಟಿಗಳಲ್ಲಿ ಸೋಲಿಸಿ ಸ್ಯಾಫ್ ಪ್ರಶಸ್ತಿ ಎತ್ತಿತು. ಇವೆಲ್ಲ ನಿಜ. ಆದರೆ ಅವರು ತಂದ ಅನುಭವ ಅವರೊಂದಿಗೇ ಮರಳಿ ಹೋಯಿತು ಎಂಬುದೂ ಅಷ್ಟೇ ನಿಜ. ಹೊರಗಿನಿಂದ ಯಂತ್ರ ತರಿಸುವುದು ತಪ್ಪಲ್ಲ. ತರಿಸಿದ ಯಂತ್ರವನ್ನು ನೋಡಿ ನಮ್ಮಲ್ಲೇ ಮಾಡುವುದನ್ನು ನಲವತ್ತು ವರ್ಷಗಳಾದರೂ ಕಲಿಯದಿದ್ದರೆ ಅದು ಆಮದಿನ ದೋಷವಲ್ಲ, ನಮ್ಮ ದೋಷ.

ಆಟಗಾರನನ್ನು ತರಬೇತುದಾರನನ್ನಾಗಿ ಬೆಳೆಸುವುದು ಹೇಗೆಂದು ತಿಳಿಯಲು ನಾವು ದೂರ ಹೋಗಬೇಕಿಲ್ಲ. ರಾಹುಲ್ ದ್ರಾವಿಡ್ ಅವರ ಉದಾಹರಣೆ ಎದುರಿಗೇ ಇದೆ. 2007ರ ವಿಶ್ವಕಪ್‌ನಲ್ಲಿ ವೆಸ್ಟ್ ಇಂಡೀಸ್‌ನಿಂದ ಮೊದಲ ಸುತ್ತಿನಲ್ಲೇ ಮರಳಿದ ತಂಡದ ನಾಯಕ ಅವರು. 2012ರಲ್ಲಿ ಅಂತಾರಾಷ್ಟ್ರೀಯ ಕ್ರಿಕೆಟ್‌ನಿಂದ ನಿವೃತ್ತರಾದ ಅಂಥ ಆಟಗಾರನೂ ನೇರವಾಗಿ ಹಿರಿಯರ ತಂಡದ ಬಾಗಿಲಿಗೆ ಹೋಗಲಿಲ್ಲ. 2015ರಿಂದ 19 ವರ್ಷದೊಳಗಿನವರ ತಂಡ, ಭಾರತ 'ಎ' ತಂಡಗಳನ್ನು ನೋಡಿಕೊಂಡರು. 2016ರಲ್ಲಿ ಕಿರಿಯರ ವಿಶ್ವಕಪ್ ಫೈನಲ್ ಸೋತರು, 2018ರಲ್ಲಿ ಗೆದ್ದರು. ಆಗ ತಮಗೆ 50 ಲಕ್ಷ, ಸಹಾಯಕ ಸಿಬ್ಬಂದಿಗೆ 20 ಲಕ್ಷ ಬಹುಮಾನ ಘೋಷಣೆಯಾದಾಗ ಆ ತಾರತಮ್ಯವನ್ನು ಒಪ್ಪದೆ, ಎಲ್ಲರಿಗೂ ಸಮನಾಗಿ 25 ಲಕ್ಷ ಸಿಗುವಂತೆ ಮಾಡಿದರು. 2019ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯ ಮುಖ್ಯಸ್ಥರಾಗಿ, 2021ರ ನವೆಂಬರ್‌ನಲ್ಲಿ ಹಿರಿಯರ ತಂಡಕ್ಕೆ ಬಂದರು. 2023ರ ನವೆಂಬರ್ 19ರಂದು ಅಹಮದಾಬಾದಿನಲ್ಲಿ ವಿಶ್ವಕಪ್ ಫೈನಲ್ ಸೋತಾಗ ಅವರನ್ನೂ ಮನೆಗೆ ಕಳಿಸಬೇಕೆಂದವರಿದ್ದರು. ಮಂಡಳಿ ಮುಂದುವರಿಸಿತು. 2024ರ ಜೂನ್ 29ರಂದು, ಅದೇ ವೆಸ್ಟ್ ಇಂಡೀಸ್‌ನ ನೆಲದಲ್ಲಿ, ಟಿ-20 ವಿಶ್ವಕಪ್ ಅವರ ಕೈಗೆ ಬಂತು.

ನಮ್ಮ ಭಾಗದವರೇ ಆದ ಗದಗಿನ ಸುನೀಲ್ ಜೋಶಿ ಅವರನ್ನೂ ಇಲ್ಲಿ ನೆನೆಯಬೇಕು. ಬಾಲಕನಾಗಿದ್ದಾಗ ನಸುಕಿನಲ್ಲೇ ರೈಲು ಹಿಡಿದು ಹುಬ್ಬಳ್ಳಿಗೆ ಬಂದು ಅಭ್ಯಾಸ ಮಾಡಿ, ಶಾಲೆಯ ಗಂಟೆಯ ಹೊತ್ತಿಗೆ ಗದಗಿಗೆ ಮರಳುತ್ತಿದ್ದ ಹುಡುಗ ಭಾರತದ ಪರ 15 ಟೆಸ್ಟ್, 69 ಏಕದಿನ ಪಂದ್ಯಗಳನ್ನು ಆಡಿದರು. ಅನಂತರ ತರಬೇತುದಾರರಾದರು. 2014ರ ಡಿಸೆಂಬರ್‌ನಲ್ಲಿ ಜಮ್ಮು-ಕಾಶ್ಮೀರ ರಣಜಿ ತಂಡ ಬಲಾಢ್ಯ ಮುಂಬೈಯನ್ನು ವಾಂಖೆಡೆಯಲ್ಲೇ ಸೋಲಿಸಿದಾಗ ಅದರ ತರಬೇತುದಾರ ಇವರೇ. ಬಾಂಗ್ಲಾದೇಶದ ಸ್ಪಿನ್ನರ್‌ಗಳಿಗೆ ಪಾಠ ಹೇಳಿದರು. 2020ರಲ್ಲಿ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರೂ ಆದರು. ಕ್ರಿಕೆಟ್‌ನಲ್ಲಿ ಹಣವಿದೆ, ಅದಕ್ಕೇ ಅಲ್ಲಿ ಮೆಟ್ಟಿಲುಗಳಿವೆ ಎಂದು ವಾದಿಸಬಹುದು. ಅರ್ಧ ಸತ್ಯ. ರಣಜಿ ತಂಡಗಳು, ಕಿರಿಯರ ತಂಡಗಳು, 'ಎ' ತಂಡ, ಅಕಾಡೆಮಿ ಎಂದು ಒಂದರ ಮೇಲೊಂದು ಹುದ್ದೆಗಳಿದ್ದುದರಿಂದಲೇ ಆ ಹಣ ಮಾಜಿ ಆಟಗಾರನ ಕೈಯಲ್ಲಿ ವಿದ್ಯೆಯಾಗಿ ಬೆಳೆಯಿತು.

ಹಣವಿಲ್ಲದ, ಜನರೂ ಇಲ್ಲದ ದೇಶದ ಉದಾಹರಣೆಯನ್ನೂ ನೋಡೋಣ. 2016ರ ಯೂರೋ ಕಪ್‌ನಲ್ಲಿ ಇಂಗ್ಲೆಂಡನ್ನು 2-1ರಿಂದ ಸೋಲಿಸಿ ಕ್ವಾರ್ಟರ್ ಫೈನಲ್ ತಲುಪಿದ ಐಸ್‌ಲೆಂಡಿನ ಜನಸಂಖ್ಯೆ ಆಗ ಸುಮಾರು 3.3 ಲಕ್ಷ. 2011ರ ಜನಗಣತಿಯಂತೆ ನಮ್ಮ ಹುಬ್ಬಳ್ಳಿ-ಧಾರವಾಡದ್ದು 9.4 ಲಕ್ಷ. ಅಂದರೆ ನಮ್ಮ ಅವಳಿ ನಗರದ ಮೂರನೇ ಒಂದರಷ್ಟು ಜನ. ಆ ತಂಡದ ಇಬ್ಬರು ಮುಖ್ಯ ತರಬೇತುದಾರರಲ್ಲೊಬ್ಬರಾದ ಹೇಮಿರ್ ಹಾಲ್‌ಗ್ರಿಮ್‌ಸನ್ ವೃತ್ತಿಯಿಂದ ದಂತವೈದ್ಯರು. ತಮ್ಮ ಪುಟ್ಟ ದ್ವೀಪದ ಕ್ಲಬ್‌ನಲ್ಲಿ ಆಡಿ, ಅಲ್ಲಿಯೇ ತರಬೇತಿ ಕೊಡುತ್ತ, ರಾಷ್ಟ್ರೀಯ ತಂಡಕ್ಕೆ ಮೊದಲು ಸಹಾಯಕರಾಗಿ, ಆಮೇಲೆ ಜಂಟಿ ತರಬೇತುದಾರರಾಗಿ, ಕೊನೆಗೆ ಏಕೈಕ ಮುಖ್ಯಸ್ಥರಾಗಿ, 2018ರ ವಿಶ್ವಕಪ್‌ಗೆ ಆ ದೇಶವನ್ನು ಕೊಂಡೊಯ್ದರು. ಆ ದೇಶ ಚಳಿಗಾಲದಲ್ಲೂ ಆಡಲಾಗುವ ಒಳಾಂಗಣಗಳನ್ನು ಕಟ್ಟಿತು, ನಿಜ. ಆದರೆ ಅದರ ಜೊತೆಗೇ ಸಾವಿರ ಜನರಿಗೆ ಒಬ್ಬರಿಗಿಂತ ಹೆಚ್ಚು ಎಂಬಷ್ಟು ಪ್ರಮಾಣದಲ್ಲಿ ಅರ್ಹತಾಪತ್ರ ಪಡೆದ ತರಬೇತುದಾರರನ್ನೂ ತಯಾರು ಮಾಡಿತು. ಆರೇಳು ವರ್ಷದ ಮಗುವಿಗೂ ಓದಿ, ಪರೀಕ್ಷೆ ಪಾಸಾಗಿ ಬಂದ, ಸಂಬಳ ಪಡೆಯುವ ಶಿಕ್ಷಕನೇ ಚೆಂಡು ಒದೆಯಲು ಕಲಿಸುತ್ತಾನೆ. ಜಮೀಲ್ ಚಾಂಪಿಯನ್ ಮಾಡಿದ ಐಜ್ವಾಲ್ ನಗರದ ಜನಸಂಖ್ಯೆಯೂ, 2011ರ ಲೆಕ್ಕದಲ್ಲಿ, ಮೂರು ಲಕ್ಷಕ್ಕಿಂತ ಕಡಿಮೆಯೇ.

ಈಗ ಆ ಕಡತದ ಮಾತು. ತೊಂಬತ್ತರ ದಶಕದ ಕೊನೆಯಲ್ಲಿ ನಾನು ಒಂದು ಜಿಲ್ಲೆಯ ಕ್ರೀಡಾ ಸಮಿತಿಯ ಲೆಕ್ಕಪತ್ರಗಳನ್ನು ನೋಡಿಕೊಳ್ಳುವ ಹುದ್ದೆಯಲ್ಲಿದ್ದೆ. ಒಂದೇ ವಾರದಲ್ಲಿ ಎರಡು ಪ್ರಸ್ತಾವನೆಗಳು ಮೇಜಿಗೆ ಬಂದವು. ಒಂದು, ಕ್ರೀಡಾಂಗಣಕ್ಕೆ ಪ್ರೇಕ್ಷಕರ ಗ್ಯಾಲರಿ. ಇನ್ನೊಂದು, ರಾಜ್ಯ ತಂಡಕ್ಕೆ ಆಡಿ ನಿವೃತ್ತನಾಗಿದ್ದ ಸ್ಥಳೀಯ ಫುಟ್‌ಬಾಲ್ ಆಟಗಾರನೊಬ್ಬನಿಗೆ ಮಕ್ಕಳ ತರಬೇತಿಗಾಗಿ ತಿಂಗಳಿಗೆ ಒಂದೂವರೆ ಸಾವಿರ ರೂಪಾಯಿ ಗೌರವಧನ. ಮೊದಲನೆಯದಕ್ಕೆ ಒಂದೇ ದಿನದಲ್ಲಿ ಶಿಫಾರಸು ಬರೆದೆ. ಎರಡನೆಯದರ ಮೇಲೆ "ಆವರ್ತಕ ಯೋಜನೇತರ ವೆಚ್ಚ, ಅನುದಾನದಲ್ಲಿ ಅವಕಾಶವಿಲ್ಲ" ಎಂದು ಟಿಪ್ಪಣಿ ಹಾಕಿ ಮರಳಿಸಿದೆ. ನಿಯಮದ ಪ್ರಕಾರ ಅದು ಸರಿಯಾಗಿಯೇ ಇತ್ತು. ಯಾರ ಒತ್ತಡವೂ ಇರಲಿಲ್ಲ. ಆ ಮನುಷ್ಯ ಒಮ್ಮೆ ಕಚೇರಿಗೆ ಬಂದು, ಕುರ್ಚಿಯ ಅಂಚಿನಲ್ಲಿ ಕುಳಿತು, "ಸಾಹೇಬ್ರ, ಗ್ಯಾಲರಿ ಮ್ಯಾಲ ಕುಂತು ಮಂದಿ ಯಾರನ್ನ ನೋಡ್ತಾರ್ರಿ?" ಎಂದು ಕೇಳಿ ಹೋದ. ಕೆಲವು ವರ್ಷಗಳ ನಂತರ ಅವನು ಲಾರಿ ಸಾಗಣೆಯ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದಾನೆಂದು ಕೇಳಿದೆ. ಗ್ಯಾಲರಿ ಈಗಲೂ ಇದೆ. ಸ್ವಾತಂತ್ರ್ಯೋತ್ಸವ, ರಾಜ್ಯೋತ್ಸವದ ದಿನ ತುಂಬುತ್ತದೆ.

ಇದು ನನ್ನೊಬ್ಬನ ತಪ್ಪೊಪ್ಪಿಗೆ ಮಾತ್ರವಾಗಿದ್ದರೆ ಪತ್ರಿಕೆಯ ಜಾಗವನ್ನು ಬಳಸುತ್ತಿರಲಿಲ್ಲ. ನಮ್ಮ ಸಾರ್ವಜನಿಕ ಹಣಕಾಸಿನ ಸ್ವಭಾವವೇ ಹಾಗಿತ್ತು. ಯೋಜನಾ ವೆಚ್ಚ ಎಂದರೆ ಅಭಿವೃದ್ಧಿ, ಯೋಜನೇತರ ವೆಚ್ಚ ಎಂದರೆ ದುಂದು ಎಂಬ ಭಾವನೆ ದಶಕಗಳ ಕಾಲ ಬೇರೂರಿತ್ತು. ಹೊಸ ಶಾಲಾ ಕಟ್ಟಡಕ್ಕೆ ಹಣ ಸಿಗುತ್ತಿತ್ತು, ಶಿಕ್ಷಕರ ಹುದ್ದೆ ಖಾಲಿ ಉಳಿಯುತ್ತಿತ್ತು. ಆಸ್ಪತ್ರೆಗೆ ಹೊಸ ವಾರ್ಡು ಬರುತ್ತಿತ್ತು, ದಾದಿಯರಿರುತ್ತಿರಲಿಲ್ಲ. 2017-18ರಿಂದ ಕೇಂದ್ರದ ಆಯವ್ಯಯದಲ್ಲಿ ಆ ವರ್ಗೀಕರಣ ಹೋಗಿದೆ, ಮನೋಭಾವ ಹೋಗಿಲ್ಲ. ಥಿಯೊಡೋರ್ ಶುಲ್ಟ್ಸ್ ಮನುಷ್ಯನ ವಿದ್ಯೆಯೂ ಬಂಡವಾಳವೇ ಎಂದು ಪ್ರತಿಪಾದಿಸಿ ಆರು ದಶಕಗಳು ಕಳೆದಿವೆ. ಎಂ.ಎ. ತರಗತಿಯಲ್ಲಿ ಅದನ್ನು ಓದಿ ಅಂಕ ಪಡೆದ ನಾನೇ ಕಚೇರಿಯಲ್ಲಿ ಸಿಮೆಂಟನ್ನು ಬಂಡವಾಳವೆಂದೂ ತರಬೇತುದಾರನನ್ನು ಖರ್ಚೆಂದೂ ಬರೆದೆ.

ಸ್ವಲ್ಪ ಲೆಕ್ಕ ಮಾಡೋಣ. 2024ರ ಜೂನ್‌ನಲ್ಲಿ ಅವಧಿಗೆ ಮೊದಲೇ ಸ್ಟಿಮಾಚ್ ಅವರನ್ನು ಬಿಡಿಸಿದ ಫೆಡರೇಷನ್, ವಿವಾದ ಇತ್ಯರ್ಥಕ್ಕಾಗಿ ಅವರಿಗೆ 4 ಲಕ್ಷ ಡಾಲರ್, ಅಂದಿನ ದರದಲ್ಲಿ ಸುಮಾರು 3.36 ಕೋಟಿ ರೂಪಾಯಿ, ಪರಿಹಾರ ಕೊಡಲು ಒಪ್ಪಿತು. ಒಬ್ಬ ಸ್ಥಳೀಯ ತರಬೇತುದಾರನಿಗೆ ತಿಂಗಳಿಗೆ 25 ಸಾವಿರ ಎಂದು ಹಿಡಿಯಿರಿ. ಅವಳಿ ನಗರದ ಇಪ್ಪತ್ತು ಮೈದಾನಗಳಿಗೆ ಇಪ್ಪತ್ತು ಜನರನ್ನು ನೇಮಿಸಿದರೆ ವರ್ಷಕ್ಕೆ 60 ಲಕ್ಷ. ಒಬ್ಬರನ್ನು ಕಳಿಸಿಕೊಡಲು ತೆತ್ತ ಹಣದಲ್ಲಿ ಹುಬ್ಬಳ್ಳಿ-ಧಾರವಾಡದ ಇಪ್ಪತ್ತು ತರಬೇತುದಾರರ ಐದೂವರೆ ವರ್ಷಗಳ ಸಂಬಳ ನಡೆಯುತ್ತಿತ್ತು. ಈ ಎರಡು ಹಣಗಳ ಚೀಲ ಬೇರೆ ಬೇರೆ ಎಂಬುದು ನನಗೆ ಗೊತ್ತು. ಹೋಲಿಕೆ ಕೊಟ್ಟದ್ದು ಗಾತ್ರ ತಿಳಿಯಲೆಂದು.

ಅವಳಿ ನಗರದಲ್ಲಿ ಇದಕ್ಕೆ ಬೇಕಾದ ಸಲಕರಣೆಗಳೆಲ್ಲ ಬಿಡಿಬಿಡಿಯಾಗಿ ಇವೆ. 2003ರಿಂದ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಹುಬ್ಬಳ್ಳಿಯಲ್ಲಿದೆ. ಕ್ರೀಡಾ ಮೀಸಲಾತಿಯಲ್ಲಿ ಆಟಗಾರರಿಗೆ ನೌಕರಿ ಕೊಡುವ ಪರಂಪರೆ ರೈಲ್ವೆಯದ್ದು. ಧಾರವಾಡದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ತರಬೇತಿ ಕೇಂದ್ರವಿದೆ, ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ದೈಹಿಕ ಶಿಕ್ಷಣದ ವಿಭಾಗವಿದೆ. ಫುಟ್‌ಬಾಲ್ ತರಬೇತುದಾರನಾಗುವವನಿಗೆ 'ಡಿ'ಯಿಂದ ಆರಂಭಿಸಿ 'ಸಿ', 'ಬಿ', 'ಎ' ಎಂದು ಏರಿ 'ಪ್ರೊ' ದರ್ಜೆಯವರೆಗೆ ಲೈಸೆನ್ಸ್‌ಗಳಿವೆ. ಇಲ್ಲಿಯ ಹುಡುಗನೊಬ್ಬ ಆ ಮೊದಲ ಮೆಟ್ಟಿಲು ಹತ್ತಬೇಕಾದರೆ ಕೆಲಸಕ್ಕೆ ರಜೆ ಹಾಕಿ, ಶುಲ್ಕ ಕಟ್ಟಿ, ಶಿಬಿರ ನಡೆಯುವ ಊರಿನಲ್ಲಿ ದಿನಗಟ್ಟಲೆ ಉಳಿಯಬೇಕು. ವರ್ಷಕ್ಕೊಂದು ಶಿಬಿರವನ್ನು ಧಾರವಾಡದಲ್ಲೇ ನಡೆಸಲು ರಾಜ್ಯ ಸಂಸ್ಥೆಯನ್ನು ಒಪ್ಪಿಸುವುದು, ಪಾಸಾದವರ ಶುಲ್ಕವನ್ನು ಸ್ಥಳೀಯ ಆಡಳಿತ ಭರಿಸುವುದು, ಲೈಸೆನ್ಸ್ ಪಡೆದ ನೌಕರನಿಗೆ ಸಂಜೆ ಎರಡು ತಾಸು ಮೈದಾನದ ಕೆಲಸವನ್ನು ಕಚೇರಿ ಕೆಲಸವೆಂದೇ ರೈಲ್ವೆ ಪರಿಗಣಿಸುವುದು, ಶಾಲೆಗಳು ತಮ್ಮ ಬಯಲನ್ನು ಸಂಜೆ ಬೀಗ ಹಾಕದೆ ಬಿಡುವುದು. ಇವು ಯಾವುವೂ ವಿಧಾನಸಭೆಯಲ್ಲಿ ಮಸೂದೆ ಬೇಡುವ ಕೆಲಸಗಳಲ್ಲ.

ಇದರಿಂದ ನಾಳೆಯೇ ಭಾರತ ವಿಶ್ವಕಪ್ ಆಡುತ್ತದೆಂಬ ಭ್ರಮೆ ನನಗಿಲ್ಲ. ಜಮೀಲ್ ಅವರ ತಂಡ 2025ರ ಆಗಸ್ಟ್-ಸೆಪ್ಟೆಂಬರ್‌ನಲ್ಲಿ ತಜಿಕಿಸ್ತಾನವನ್ನು ಅದರದೇ ನೆಲದಲ್ಲಿ 2-1ರಿಂದ ಸೋಲಿಸಿ, ಒಮಾನ್ ಎದುರು ಪೆನಾಲ್ಟಿಗಳಲ್ಲಿ ಗೆದ್ದು, ಮಧ್ಯ ಏಷ್ಯಾದ ಪಂದ್ಯಾವಳಿಯಲ್ಲಿ ಮೂರನೆಯ ಸ್ಥಾನ ಪಡೆದಾಗ ಅವರನ್ನು ಹೊಗಳಿದವರೇ ಎರಡು ತಿಂಗಳಲ್ಲಿ ತೆಗಳಿದರು. ಅವರು ಸೋತದ್ದು ನಿಜ, ಆ ಸೋಲಿನಲ್ಲಿ ಅವರ ಪಾಲೂ ಇರಬಹುದು. ಆದರೆ ಅವರ ಹಿಂದೆ ಅಷ್ಟೇ ಪಳಗಿದ ಇನ್ನೂ ಹತ್ತು ಭಾರತೀಯರು ಸಾಲಿನಲ್ಲಿ ನಿಂತಿದ್ದರೆ, ಒಬ್ಬರ ಸೋಲು ಒಬ್ಬರ ಸೋಲಾಗಿಯೇ ಉಳಿಯುತ್ತಿತ್ತು. ಬೆಂಗಳೂರು ಎಫ್‌ಸಿಯ ಕಿರಿಯರನ್ನು ತಿದ್ದಿ ಬೆಳೆಸಿದ ನೌಷಾದ್ ಮೂಸಾ 2025ರಲ್ಲಿ 23 ವರ್ಷದೊಳಗಿನವರ ರಾಷ್ಟ್ರೀಯ ತಂಡದ ಹೊಣೆ ಹೊತ್ತದ್ದು ಒಳ್ಳೆಯ ಸೂಚನೆ. ಅಂಥವರು ಬೆರಳೆಣಿಕೆಯಷ್ಟೇ ಇದ್ದಾರೆಂಬುದೇ ಚಿಂತೆಯ ವಿಷಯ.

ನಮ್ಮ ಬಡಾವಣೆಯ ಪಕ್ಕದ ಬಯಲಿನಲ್ಲಿ ರೈಲ್ವೆಯಿಂದ ನಿವೃತ್ತರಾದ ಒಬ್ಬರು ದಿನವೂ ಸಂಜೆ ಮೂವತ್ತು ಹುಡುಗರಿಗೆ, ಇತ್ತೀಚೆಗೆ ಆರೇಳು ಹುಡುಗಿಯರಿಗೂ, ಫುಟ್‌ಬಾಲ್ ಕಲಿಸುತ್ತಾರೆ. ಚೆಂಡುಗಳನ್ನು ತಮ್ಮ ಪಿಂಚಣಿಯಲ್ಲಿ ಕೊಳ್ಳುತ್ತಾರೆ. ಅವರ ಶಿಷ್ಯರಲ್ಲಿ ಇಪ್ಪತ್ತರ ಹರೆಯದ ಒಬ್ಬ, ಹಗಲಿನಲ್ಲಿ ಮೊಬೈಲ್ ಅಂಗಡಿಯಲ್ಲಿ ದುಡಿದು ಸಂಜೆ ಚಿಕ್ಕವರನ್ನು ಆಡಿಸುತ್ತಾನೆ. ಆಡುವುದಕ್ಕಿಂತ ಆಡಿಸುವುದರಲ್ಲಿ ಅವನಿಗೆ ಹೆಚ್ಚು ಆಸಕ್ತಿ ಎಂದು ಗುರುಗಳು ಹೇಳುತ್ತಾರೆ. 'ಡಿ' ಲೈಸೆನ್ಸ್ ಮಾಡಿಸಲು ಅವನಿಗೆ ಬೇಕಾಗಿರುವುದು ಶುಲ್ಕದ ಹಣ ಮತ್ತು ಅಂಗಡಿಯಿಂದ ಒಂದು ವಾರದ ರಜೆ. ಕೆ.ಸಿ.ಡಿ. ಮೈದಾನದ ನಮ್ಮ ಗುಂಪಿನಲ್ಲಿ ಮೊನ್ನೆ ಈ ವಿಷಯ ಎತ್ತಿದೆ. ಹೊರಗಿನವರನ್ನು ಕರೆಸಬೇಕಿತ್ತು ಎಂದಿದ್ದ ಆ ಬ್ಯಾಂಕಿನ ಮಿತ್ರರೇ ಎಲ್ಲರಿಗಿಂತ ಮೊದಲು ಜೇಬಿಗೆ ಕೈಹಾಕಿದರು. ನಾನು ನನ್ನ ಪಾಲು ಕೊಟ್ಟೆ. ಇಪ್ಪತ್ತೈದು ವರ್ಷಗಳ ಹಿಂದೆ ನಾನು ಮರಳಿಸಿದ ಕಡತಕ್ಕೆ ಇದು ಸಮನಲ್ಲ. ಒಬ್ಬ ಹುಡುಗನಿಗೆ ನಾವು ವಂತಿಗೆ ಎತ್ತಬಹುದು. ನೂರು ಜನರಿಗೆ ದಾರಿ ಮಾಡಬೇಕಾದದ್ದು ಸರ್ಕಾರ, ರೈಲ್ವೆ ಮತ್ತು ಕ್ರೀಡಾ ಸಂಸ್ಥೆಗಳು. ಅಂಥದೊಂದು ಪ್ರಸ್ತಾವನೆ ಇಂದು ಯಾವುದೋ ಕಚೇರಿಯ ಮೇಜಿನ ಮೇಲೆ ಇದ್ದರೆ, ಅಲ್ಲಿ ಕುಳಿತಿರುವ ಕಿರಿಯ ಸಹೋದ್ಯೋಗಿ ನಾನು ಬರೆದ ಟಿಪ್ಪಣಿಯನ್ನು ಬರೆಯದಿರಲಿ ಎಂದು ಕೇಳಿಕೊಳ್ಳುತ್ತೇನೆ.